ಬಿಸಿ ತುದಿ, ತಂಪು ತುದಿ

ಪೆಟ್ಟಿಗೆ ಒಂದೇ, ಉಷ್ಣಮಾಪಕ ಮೂರು, ಅಂಕಿಯೂ ಮೂರು. ಗಾಜಿನ ಗೋಡೆಗೆ ಒಳಗಿನಿಂದ ಅಂಟಿಸಿದ ದುಂಡನೆಯ ಮುಳ್ಳುಮಾಪಕ 78 ಎನ್ನುತ್ತದೆ. ನೆಲದ ಮೇಲೆ ತಂತಿಯ ತುದಿ ಇಟ್ಟಿರುವ ಡಿಜಿಟಲ್ ಮಾಪಕ 91 ಎನ್ನುತ್ತದೆ. ಮೊಮ್ಮಗಳು ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಇನ್‌ಫ್ರಾರೆಡ್ ಗನ್ ತೊಗಟೆಗೂಡಿನ ಬೆನ್ನಿಗೆ ಹಿಡಿದಾಗ 84 ತೋರಿಸುತ್ತದೆ. ಇಲ್ಲಿಯವರ ಲೆಕ್ಕ ಫ್ಯಾರನ್‌ಹೀಟ್. ನನ್ನ ಪುಸ್ತಕದಲ್ಲಿ ಸೆಲ್ಸಿಯಸ್‌ಗೆ ಇಳಿಸಿ ಬರೆದುಕೊಂಡೆ: 25.6, 32.8, 28.9.

ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳಿಗೆ ಮೊದಲು ಬರುವ ಅನುಮಾನ ಮಾಪಕದ ಮೇಲೆಯೇ. ತಂತಿಯ ತುದಿಯನ್ನೂ ಗನ್ನನ್ನೂ ಒಂದೇ ಜಾಗಕ್ಕೆ ಹಿಡಿದು ನೋಡಿದೆ. ಹೆಚ್ಚುಕಡಿಮೆ ಒಂದೇ ಅಂಕಿ ಬಂತು. ಹಾಗಾದರೆ ಅವು ಕೆಟ್ಟಿಲ್ಲ. ಒಂದೊಂದೂ ತಾನಿರುವ ಜಾಗದ ಸಮಾಚಾರ ಹೇಳುತ್ತಿದೆ, ಅಷ್ಟೇ. ಹಾವು ಇರುವ ಜಾಗದ ಸಮಾಚಾರ ಹೇಳುತ್ತಿರುವುದು ಯಾವುದು?

*

ಮಗಳ ಮನೆ ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಜನವರಿ. ಕಿಟಕಿಯಾಚೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಮನೆಯೊಳಗೆ ಹೀಟರ್ ಹಾಕಿ 20 ಡಿಗ್ರಿ, ಮೊಮ್ಮಗಳ ಕೋಣೆಯ ಮೂಲೆಯ ಗಾಜಿನ ಟ್ಯಾಂಕಿನ ಒಂದು ತುದಿಯಲ್ಲಿ ನಮ್ಮ ಮಂಡ್ಯದ ಮಾರ್ಚಿ ತಿಂಗಳು. ಅದರೊಳಗಿರುವುದು ಬಾಲ್ ಪೈಥಾನ್ ಜಾತಿಯ ಗಂಡು ಹೆಬ್ಬಾವು. ಹೆದರಿದಾಗ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಮೈಯನ್ನೆಲ್ಲ ಅದರ ಸುತ್ತ ಸುತ್ತಿಕೊಳ್ಳುತ್ತದೆ. ಮೊದಲ ದಿನ ಹಾಗೆ ಕೂತದ್ದು ತಟ್ಟೆಯಲ್ಲಿಟ್ಟ ರಾಗಿಮುದ್ದೆಯಂತೆ ಕಂಡಿತೆಂದು ಮಗಳು ‘ಮುದ್ದೆ’ ಎಂದಳಂತೆ. ಆ ಹೆಸರೇ ನಿಂತಿದೆ.

ಘಾನಾ, ಟೋಗೊ, ಬೆನಿನ್ ದೇಶಗಳ ಸುತ್ತಿನ ಪಶ್ಚಿಮ ಆಫ್ರಿಕಾದ ಹುಲ್ಲುಗಾವಲು ಇದರ ಮೂಲ. ಅಲ್ಲಿ ಹಗಲೆಲ್ಲ ಇಲಿ ಹೆಗ್ಗಣಗಳ ಬಿಲದಲ್ಲೋ ಹುತ್ತದಲ್ಲೋ ಮಲಗಿದ್ದು ರಾತ್ರಿ ಹೊರಬೀಳುತ್ತದೆ. ಒಂದು ಮೀಟರಿನಿಂದ ಒಂದೂವರೆ ಮೀಟರು ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಇದೇ ದೇಶದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಹೆಣ್ಣು ಬಾಲ್ ಪೈಥಾನ್ ಒಂದು 2020ರ ಜುಲೈನಲ್ಲಿ ಮೊಟ್ಟೆ ಇಟ್ಟಿತು, ಅದೂ ಎಷ್ಟೋ ವರ್ಷಗಳಿಂದ ಗಂಡಿನ ಸಂಗವಿಲ್ಲದೆ. ಮೊಮ್ಮಗಳಿಗೆ ಈಗ ಹದಿನಾಲ್ಕು. ಅವಳ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೂ ಮುದ್ದೆ ಇದ್ದಾನು. ಇಷ್ಟು ದೀರ್ಘವಾದ ಜೀವವೊಂದರ ಹವಾಮಾನವನ್ನು ಒಂದು ಮಗು ಹೊಣೆ ಹೊತ್ತು ನಡೆಸುತ್ತಿದೆ ಎಂಬುದೇ ನನ್ನನ್ನು ಈ ಟ್ಯಾಂಕಿನ ಮುಂದೆ ಕೂರಿಸಿರುವುದು.

*

“ಇದಕ್ಕೆ ಎಷ್ಟು ಡಿಗ್ರಿ ಬೇಕು ಪುಟ್ಟಿ?”

“ಒಂದೇ ಡಿಗ್ರಿ ಅಂತ ಇಲ್ಲ ಅಜ್ಜಿ. ಆ ಕಡೆ ಬಿಸಿ, ಈ ಕಡೆ ತಂಪು. ಎಲ್ಲಿ ಇರಬೇಕು ಅಂತ ಅವನೇ ನೋಡ್ಕೋತಾನೆ.”

ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ, ತಂಪು ತುದಿಯಲ್ಲಿ 24ರಿಂದ 27, ರಾತ್ರಿ ಎಷ್ಟು ಇಳಿದರೂ 24ರ ಹತ್ತಿರ ನಿಲ್ಲಬೇಕು. ಬಾಲ್ ಪೈಥಾನ್ ಸಾಕುವವರು ಇಟ್ಟುಕೊಳ್ಳುವ ಲೆಕ್ಕ ಇದು. ಈ ದೇಶದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್ ಆದರೆ ತಂಪು ತುದಿ 21ಕ್ಕೆ ಇಳಿದರೂ ನಡೆಯುತ್ತದೆ. ಜಾತಿ ಬದಲಾದರೆ ಅಂಕಿ ಬದಲಾಗುತ್ತದೆ. ಎರಡು ತುದಿ ಇರಬೇಕೆಂಬುದು ಬದಲಾಗುವುದಿಲ್ಲ.

ನಡುವಿನ 28ಕ್ಕೆ ಇಡೀ ಟ್ಯಾಂಕನ್ನು ನಿಲ್ಲಿಸಿದರೆ ಏನು ತಪ್ಪು? ಸರಾಸರಿ ಅಷ್ಟೇ ತಾನೆ? ಈ ಪ್ರಶ್ನೆ ಇಡೀ ದಿನ ತಲೆಯಲ್ಲಿತ್ತು. ಉತ್ತರ ಹಾವಿನ ಹೊಟ್ಟೆಯಲ್ಲಿದೆ. ಇಲಿ ನುಂಗಿದ ಹಾವು ಬಿಸಿ ಹುಡುಕಿಕೊಂಡು ಹೋಗುತ್ತದೆ; ಮೈ ಬಿಸಿಯಾದರೆ ಅರಗುವುದು ಬೇಗ. ಬಿಸಿ ಸಿಗದಿದ್ದರೆ ನುಂಗಿದ್ದು ಅರಗುವ ಮೊದಲೇ ಕೊಳೆಯತೊಡಗಿ, ಹಾವು ಅದನ್ನು ಕಕ್ಕಿಬಿಡುತ್ತದೆ. ಹೊಟ್ಟೆ ಖಾಲಿ ಇದ್ದು ಕೆಲಸವಿಲ್ಲದಾಗ ಅದೇ ಹಾವು ತಂಪಿಗೆ ಸರಿಯುತ್ತದೆ. ತಂಪಿನಲ್ಲಿ ಮೈ ಸುಡುವ ಇಂಧನ ಕಡಿಮೆ. ಹೀಗೆ ಇಂದಿನ ಅಗತ್ಯ ನಾಳೆಯದಲ್ಲ. ಸರಾಸರಿಯಲ್ಲಿ ನಿಲ್ಲಿಸಿದ ಟ್ಯಾಂಕು ಅರಗಿಸುವ ದಿನಕ್ಕೆ ತಣ್ಣಗೆ, ಸುಮ್ಮನಿರುವ ದಿನಕ್ಕೆ ಬಿಸಿ.

1944ರಲ್ಲಿ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬಿಬ್ಬರು ಕ್ಯಾಲಿಫೋರ್ನಿಯಾದ ಮರುಭೂಮಿಯ ಹಲ್ಲಿ ಹಾವುಗಳ ಮೈಬಿಸಿ ಅಳೆದು ಒಂದು ಪ್ರಬಂಧ ಪ್ರಕಟಿಸಿದರು. ಸರೀಸೃಪಗಳು ಸುತ್ತಲ ಹವೆ ಎಳೆದತ್ತ ಹೋಗುವ ಪ್ರಾಣಿಗಳೆಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಇವರು ತೋರಿಸಿದ್ದು ಬೇರೆ: ಬಿಸಿಲಿಗೆ ಬಂದು, ನೆರಳಿಗೆ ಸರಿದು, ಮರಳಲ್ಲಿ ಹುದುಗಿ, ಅವು ತಮ್ಮ ಮೈಬಿಸಿಯನ್ನು ಒಂದು ಕಿರಿದಾದ ಮಿತಿಯೊಳಗೆ ಕಾಪಾಡಿಕೊಳ್ಳುತ್ತವೆ. ನಾವು ಮೈಯೊಳಗೆ ಮಾಡುವ ಕೆಲಸವನ್ನು ಹಾವು ನಡೆದಾಡಿ ಮಾಡುತ್ತದೆ. ನಡೆದಾಡಲು ಜಾಗವಿಲ್ಲದಲ್ಲಿ ಆ ಕೆಲಸವೂ ಇಲ್ಲ. ಪಾಠ ಹೇಳಿದಷ್ಟು ಕಾಲವೂ ‘ಶೀತರಕ್ತ ಪ್ರಾಣಿ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುತ್ತಿದ್ದೆವು. ಆ ಎರಡು ಪದಗಳ ಹಿಂದೆ ಇಷ್ಟು ಓಡಾಟವಿದೆಯೆಂದು ಮಕ್ಕಳಿಗೆ ಹೇಳುವಂತಿದ್ದರೆ ಎಷ್ಟು ಚೆನ್ನಿತ್ತು!

*

ಹಾವು ಬಿಸಿಗಾಗಿ ಆರಿಸಿಕೊಳ್ಳುವ ಕಲ್ಲಿನ ವಿಷಯ. ಇದನ್ನು ಬಿಡಿಸಿ ಬರೆದುಕೊಳ್ಳಬೇಕು.

ಕ್ಯಾಲಿಫೋರ್ನಿಯಾದ ಈಗಲ್ ಲೇಕ್ ದಂಡೆಯಲ್ಲಿ ಗಾರ್ಟರ್ ಹಾವುಗಳು ಹಗಲಿನ ಬಹುಪಾಲು ಕಲ್ಲಿನಡಿ ಕಳೆಯುತ್ತವೆ. ಬಿಸಿಲಿಗೆ ಬಿದ್ದ ತೆಳು ಕಲ್ಲಿನಡಿ ಮಧ್ಯಾಹ್ನ ಸುಡುತ್ತದೆ, ರಾತ್ರಿ ತೀರ ತಣ್ಣಗಾಗುತ್ತದೆ. ದಪ್ಪ ಬಂಡೆಯಡಿ ಯಾವ ಹೊತ್ತಿನಲ್ಲೂ ಬಿಸಿ ಸಾಲದು. ರೇಮಂಡ್ ಹ್ಯೂಯಿ ಮತ್ತು ಜೊತೆಗಾರರು 1989ರಲ್ಲಿ ಬರೆದಂತೆ, ಹಾವುಗಳು ಹೆಚ್ಚಾಗಿ ಸಿಕ್ಕಿದ್ದು 20ರಿಂದ 40 ಸೆಂಟಿಮೀಟರ್ ದಪ್ಪದ ಕಲ್ಲುಗಳ ಅಡಿಯಲ್ಲಿ. ಹಗಲಿನ ಬಿಸಿ ಅಂಥ ಕಲ್ಲಿನ ಅಡಿಗೆ ಇಳಿಯುವುದು ನಿಧಾನ, ಆರುವುದೂ ನಿಧಾನ. ಅದರ ಕೆಳಗೆ ಅತ್ತಿತ್ತ ಸರಿಯುತ್ತಿದ್ದರೆ ಹಾವಿಗೆ ಹಗಲೂ ರಾತ್ರಿಯೂ ಬೇಕಾದ ಬಿಸಿ ದಕ್ಕುತ್ತದೆ, ಹದ್ದಿನ ಕಣ್ಣಿಗೂ ಬೀಳುವುದಿಲ್ಲ.

ಹಾವು ಕಲ್ಲಿನ ದಪ್ಪವನ್ನು ಅಳೆಯುವುದು ಹೇಗೆ? ಅಡಿಗೆ ಹೋಗಿ ಮಲಗಿ, ಒಗ್ಗದಿದ್ದರೆ ಎದ್ದು ಮುಂದಿನದಕ್ಕೆ ಹೋಗುತ್ತದೆಯೇ? ಒಮ್ಮೆ ಕಂಡುಕೊಂಡ ಕಲ್ಲನ್ನು ನೆನಪಿಟ್ಟುಕೊಳ್ಳುತ್ತದೆಯೇ? ಉಷ್ಣವಾಹಕತೆಯ ಅಧ್ಯಾಯಕ್ಕೆ ಇಂಥ ಒಂದು ಉದಾಹರಣೆ ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಹುತ್ತದ್ದೂ ಇದೇ ಲೆಕ್ಕ. ಮಣ್ಣಿನಲ್ಲಿ ಹಗಲು ರಾತ್ರಿಯ ಏರಿಳಿತ ಪ್ರತಿ ಗೇಣಿಗೂ ಕುಗ್ಗುತ್ತ ಹೋಗಿ, ಅರ್ಧ ಮೀಟರು ಆಳದಲ್ಲಿ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ನಾಗರ ಪಂಚಮಿಗೆ ನಾವು ತನಿ ಎರೆಯುವ ಹುತ್ತದ ಬಾಯಿ ಸುಡುವ ಮಧ್ಯಾಹ್ನವೂ ಒಳಗಿನ ಕೋವಿ ಹದವಾಗಿಯೇ ಇರುತ್ತದೆ. ಘಾನಾದ ಹುತ್ತದಲ್ಲೂ ಹಾಗೆಯೇ. ಮುದ್ದೆಯ ಪೂರ್ವಿಕರಿಗೆ ಬಾಯಿಯಿಂದ ಒಳಗಿನ ತನಕ ಒಂದೊಂದು ಮಾರಿಗೂ ಬೇರೆ ಬೇರೆ ಬಿಸಿ ಇತ್ತು. ಇಲ್ಲಿ ನಾಲ್ಕಡಿ ಗಾಜಿನ ಟ್ಯಾಂಕಿನಲ್ಲಿ ಅದನ್ನೆಲ್ಲ ಮಡಚಿಡಬೇಕಾಗಿದೆ.

*

ಅಡಗುಗೂಡುಗಳು ಎರಡಿವೆ, ಎರಡೂ ಒಂದೇ ಅಳತೆ, ಒಂದು ಬಿಸಿ ತುದಿಯಲ್ಲಿ, ಒಂದು ತಂಪು ತುದಿಯಲ್ಲಿ. ಎರಡೇಕೆ? ಮೊದಲು ಇದ್ದದ್ದು ಒಂದೇ, ಬಿಸಿ ತುದಿಯಲ್ಲಿ. ಮುದ್ದೆ ಹಗಲೂ ರಾತ್ರಿ ಅದರೊಳಗೇ ಇರುತ್ತಿದ್ದ. ಅವನಿಗೆ ಬಿಸಿಯೇ ಇಷ್ಟವೆಂದು ಮನೆಯವರೆಲ್ಲ ತಿಳಿದಿದ್ದರು. ತಂಪು ತುದಿಗೂ ಅಂಥದ್ದೇ ಗೂಡು ಇಟ್ಟ ಮೇಲೆ ಅರ್ಧ ಕಾಲ ಅಲ್ಲಿರತೊಡಗಿದ.

ಈ ಸಂಗತಿ ನನ್ನನ್ನು ಅಲ್ಲಾಡಿಸಿತು. ಅವನು ಆರಿಸಿಕೊಂಡಿದ್ದದ್ದು ಬಿಸಿಯನ್ನಲ್ಲ, ಮರೆಯನ್ನು. ಬಯಲಲ್ಲಿ ಮಲಗುವುದಕ್ಕಿಂತ ಬೇಯುವುದು ಮೇಲು ಎನ್ನುವಷ್ಟು ಅಂಜುಬುರುಕ ಜೀವ ಅದು. ಗಾಜಿನ ಹೊರಗಿನಿಂದ ನೋಡುವವರಿಗೆ ಎರಡು ತುದಿಯೂ ಕಾಣುತ್ತದೆ, ನಡುವೆ ದಾರಿಯೂ ಕಾಣುತ್ತದೆ. ಹಾವಿಗೆ ಮಾತ್ರ ಮರೆಯಿಲ್ಲದ ಆ ದಾರಿ ಮುಚ್ಚಿದ ದಾರಿ. ಅಂಕಿಗಳೆಲ್ಲ ಸರಿ ಇದ್ದ ಟ್ಯಾಂಕಿನಲ್ಲೂ ಬಿಸಿಯ ಆಯ್ಕೆ ಇರಲಿಲ್ಲ.

ಆ ಸಂಜೆ ಮೊಮ್ಮಗಳೂ ನಾನೂ ಕೂಡಿ ನಡುವಿನಲ್ಲಿ ಒಣ ಎಲೆ, ತೊಗಟೆ, ಪ್ಲಾಸ್ಟಿಕ್ ಬಳ್ಳಿ ಹರಡಿದೆವು. ಬೆಳಿಗ್ಗೆ ಎಲೆಗಳ ಮಧ್ಯೆ ತಗ್ಗು ಗೆರೆಯೊಂದು ಮೂಡಿತ್ತು.

*

ಬಿಸಿ ಎಲ್ಲಿಂದ ಬರುತ್ತದೆ: ಟ್ಯಾಂಕಿನ ತಳಕ್ಕೆ ಹೊರಗಿನಿಂದ ಅಂಟಿಸಿದ ಹೀಟ್ ಮ್ಯಾಟ್, ನೆಲದ ಮೂರನೇ ಒಂದು ಭಾಗದಷ್ಟು. ಮೇಲಿನಿಂದ ಬೆಳಕು ಬೀರದ ಸೆರಾಮಿಕ್ ಹೀಟರ್. ಎರಡಕ್ಕೂ ಬೇರೆ ಬೇರೆ ಥರ್ಮೋಸ್ಟಾಟ್.

ಮ್ಯಾಟ್ ನೆಲವನ್ನು ಕಾಯಿಸುತ್ತದೆ, ಗಾಳಿಯನ್ನು ಅಷ್ಟಾಗಿ ಕಾಯಿಸುವುದಿಲ್ಲ. ಗೋಡೆಯ ಮುಳ್ಳುಮಾಪಕ 25.6ರಲ್ಲಿ ನಿಂತದ್ದು ಅದಕ್ಕೇ. ಆ ಅಂಕಿ ನೋಡಿ ಸಾಲದೆಂದು ಮ್ಯಾಟಿನ ಬಿಸಿ ಏರಿಸುವವರೂ ಇರುತ್ತಾರೆ. ಹಾವು ಮಲಗುವುದು ಗೋಡೆಯ ಮೇಲಲ್ಲ. ನೆಲಕ್ಕೆ ಹಾಸಿರುವುದು ತೆಂಗಿನ ಸಿಪ್ಪೆಯ ತುಂಡು ಮತ್ತು ನಾರಿನ ಪುಡಿ. (ಸಮುದ್ರದಾಚೆಯ ಈ ಹಿಮದೂರಿನಲ್ಲಿ ತೆಂಗಿನ ನಾರಿನ ವಾಸನೆ ಮೂಗಿಗೆ ಬಡಿದಾಗ ತಿಪಟೂರಿನ ತೋಟ ಕಣ್ಣಮುಂದೆ ಬಂತು.) ಹಾಸು ದಪ್ಪವಾದಷ್ಟೂ ಮೇಲ್ಮೈ ತಣ್ಣಗೆ, ಅಡಿಯ ಗಾಜು ಬಿಸಿ. ಹಾವು ತೋಡಿಕೊಂಡು ಒಳಕ್ಕಿಳಿದರೆ ಅದರ ಹೊಟ್ಟೆ ತಾಗುವುದು ಆ ಗಾಜಿಗೆ. ತಂತಿಯ ತುದಿಯನ್ನು ಇಡಬೇಕಾದ್ದು ಹಾಸಿನ ಮೇಲಲ್ಲ, ಅಡಿಯಲ್ಲಿ, ಗಾಜಿಗೆ ಒತ್ತಿ.

ಥರ್ಮೋಸ್ಟಾಟಿಗೂ ಒಂದು ತಂತಿ ಇದೆ, ಪ್ರೋಬ್. ಅದಕ್ಕೆ ಗೊತ್ತಿರುವುದು ಆ ತಂತಿಯ ತುದಿ ಮಾತ್ರ. ಹಾವು ಮೈಯುಜ್ಜಿ ತಂತಿಯನ್ನು ಸರಿಸಿತೆನ್ನಿ. ಅಥವಾ ನೀರಿನ ಬಟ್ಟಲು ಚೆಲ್ಲಿ ತುದಿ ಒದ್ದೆಯಾಯಿತೆನ್ನಿ. ತುದಿಗೆ ತಣ್ಣಗಾದರೆ ಇಡೀ ಟ್ಯಾಂಕು ತಣ್ಣಗಾಯಿತೆಂದು ಅದು ಮ್ಯಾಟನ್ನು ಕಾಯಿಸುತ್ತಲೇ ಹೋಗುತ್ತದೆ. ಆದ್ದರಿಂದ ಥರ್ಮೋಸ್ಟಾಟ್ ಹೇಳಿದ್ದನ್ನು ಪರೀಕ್ಷಿಸಲು ಅದರದ್ದಲ್ಲದ ಇನ್ನೊಂದು ಮಾಪಕ ಬೇಕೇ ಬೇಕು. ಮೊಮ್ಮಗಳು ಪ್ರೋಬನ್ನು ಹೊರಗಡೆ ಮ್ಯಾಟಿಗೂ ಗಾಜಿಗೂ ನಡುವೆ ಸಿಕ್ಕಿಸಿ, ಒಳಗೆ ಬೇರೆ ಮಾಪಕ ಇಟ್ಟಿದ್ದಾಳೆ. ಅಂಟಿಸಲು ಟೇಪನ್ನು ಟ್ಯಾಂಕಿನೊಳಗೆ ಬಳಸುವುದಿಲ್ಲ, ಹಾವಿನ ಹೊಟ್ಟೆಯ ಹುರುಪೆಗೆ ಅಂಟಿದರೆ ಕಿತ್ತು ಬರುತ್ತದೆ ಎಂದಳು.

*

ಗಾಜಿನ ಹೊರಗಿನಿಂದಲೇ ಗನ್ ಹಿಡಿದು ಹಾವಿನ ಮೈಬಿಸಿ ನೋಡಿದೆ: 23. ಮುಚ್ಚಳ ತೆಗೆದು ನೋಡಿದೆ: 30. ಗನ್ ಅಳೆಯುವ ದೀರ್ಘ ಅಲೆಯ ಶಾಖಕಿರಣ ಗಾಜನ್ನು ದಾಟುವುದಿಲ್ಲ. ಮೊದಲ ಅಂಕಿ ಗಾಜಿನದ್ದು. ಗಾಜಿನ ಮನೆಯೊಳಗೆ ಬಿಸಿ ಉಳಿಯುವುದೇಕೆ ಎಂದು ಪಾಠ ಮಾಡಿದ್ದು ಇದನ್ನೇ.

ಈ ಹಾವಿನ ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳಿವೆ. ಕತ್ತಲಲ್ಲಿ ಇಲಿಯ ಮೈಶಾಖವನ್ನು ಅವು ಹಿಡಿಯುತ್ತವೆ. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ, ಕುಳಿಯ ನರಗಳಲ್ಲಿರುವ ಟಿಆರ್‌ಪಿಎ1 ಎಂಬ ಪ್ರೋಟೀನು ಆ ಕೆಲಸ ಮಾಡುತ್ತದೆಂದು ತೋರಿಸಿತು. ಮನುಷ್ಯರಲ್ಲಿ ಅದೇ ಪ್ರೋಟೀನು ಸಾಸಿವೆಯ ಘಾಟನ್ನು ಹಿಡಿಯುತ್ತದೆ! ಕುಳಿಗಳಿಗೆ ಬರುವುದೂ ಗನ್ನಿಗೆ ಬರುವಂಥದ್ದೇ ಕಿರಣ. ಅಂದ ಮೇಲೆ ಗಾಜಿನಾಚೆ ಗಂಟೆಗಟ್ಟಲೆ ಕೂತ ನನ್ನ ಮೈಶಾಖ ಮುದ್ದೆಗೆ ಮುಟ್ಟಿಯೇ ಇಲ್ಲ. ಮುಚ್ಚಳ ತೆಗೆದ ಕ್ಷಣ ಬೆಚ್ಚನೆಯ ದೊಡ್ಡ ಪ್ರಾಣಿಯೊಂದು ಅವನಿಗೆ ಒಮ್ಮೆಗೇ ಎದುರಾಗುತ್ತದೆ. ಮೇಲಿನಿಂದ ಕೈಹಾಕಬೇಡ, ಪಕ್ಕದಿಂದ ನಿಧಾನವಾಗಿ ತಾ ಎಂದು ಮೊಮ್ಮಗಳು ಹೇಳಿದ್ದು ಈಗ ಇನ್ನಷ್ಟು ಅರ್ಥವಾಗುತ್ತದೆ.

ಅರ್ಥವಾಗದ್ದು ಇದರ ಬೆನ್ನಲ್ಲೇ ಇದೆ. ಇಷ್ಟು ಸೂಕ್ಷ್ಮವಾಗಿ ಶಾಖ ತಿಳಿಯುವ ಹಾವು ತನ್ನ ಹೊಟ್ಟೆಯಡಿ ಸುಡುತ್ತಿರುವ ನೆಲದಿಂದ ಎದ್ದು ಹೋಗುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್, ಒಳಗೆ ವಿದ್ಯುತ್ ಸುರುಳಿ ಇಟ್ಟ ‘ಬಿಸಿಕಲ್ಲು’, ಇವುಗಳ ಮೇಲೆ ಮಲಗಿ ಹೊಟ್ಟೆಯ ಹುರುಪೆ ಬೆಂದು ಬಂದ ಹಾವುಗಳು ಪಶುವೈದ್ಯರಿಗೆ ಹೊಸತಲ್ಲ. ತುಟಿಯ ಕುಳಿ ನೋಡುವುದು ಎದುರಿನದನ್ನು, ಹೊಟ್ಟೆಯಡಿಯದನ್ನಲ್ಲ, ಅದು ಒಂದು. ಹಾವು ಹುಟ್ಟಿ ಬಂದ ಜಗತ್ತಿನಲ್ಲಿ ಬಿಸಿ ಸೂರ್ಯನಿಂದ ಬರುತ್ತದೆ, ನೆಲದ ಬಿಸಿ ಹೊತ್ತು ಇಳಿದಂತೆ ಇಳಿಯುತ್ತದೆ. ಎಂದೂ ಆರದ, ಅಡಿಯಿಂದ ಮಾತ್ರ ಉರಿಯುವ ನೆಲಕ್ಕೆ ಅದರ ಮೈ ಸಿದ್ಧವಾಗಿಲ್ಲ ಎಂದು ನನಗನಿಸುತ್ತದೆ. ಟ್ಯಾಂಕಿನೊಳಗಿನ ಗಾಳಿ ತಣ್ಣಗಿದ್ದು ಬೆನ್ನು ಬೆಚ್ಚಗಾಗದಿದ್ದರೆ ಹೊಟ್ಟೆ ಸುಟ್ಟರೂ ‘ಇನ್ನೂ ಸಾಲದು’ ಎಂದೇ ಮಲಗಿರುವುದೇನೋ. ಹಾವು ತನಗೆ ಬೇಕಾದ್ದನ್ನು ತಾನೇ ಆರಿಸುತ್ತದೆ ಎಂದು ಮೇಲೆ ಬರೆದೆ. ಆ ಆಯ್ಕೆಗಳಲ್ಲಿ ಕೊಲ್ಲುವಂಥದ್ದು ಇಲ್ಲದಂತೆ ನೋಡಿಕೊಳ್ಳುವುದು ಸಾಕಿದವರ ಕೆಲಸ ಎಂದು ಅದರ ಪಕ್ಕದಲ್ಲೇ ಬರೆದಿಡುತ್ತೇನೆ.

*

ತೇವದ ಲೆಕ್ಕ. ಕೋಣೆಯ ಗಾಳಿ 20 ಡಿಗ್ರಿ, ತೇವಾಂಶ ಶೇಕಡಾ 30. ಅದೇ ಗಾಳಿಯನ್ನು 32ಕ್ಕೆ ಕಾಯಿಸಿದರೆ? ನೀರಾವಿ ಅಷ್ಟೇ, ಹಿಡಿಯುವ ಶಕ್ತಿ ಇಮ್ಮಡಿ. ತೇವಾಂಶ 15ಕ್ಕೆ ಬೀಳುತ್ತದೆ. ಮುದ್ದೆಗೆ 60ರ ಆಸುಪಾಸು ಬೇಕು, ಇಲ್ಲದಿದ್ದರೆ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ, ಕಣ್ಣಿನ ಮೇಲಿನ ಪೊರೆಯೂ. ಬಿಸಿ ಕೊಡುವುದೆಂದರೆ ಒಣಗಿಸುವುದು. ಅದಕ್ಕೇ ಬಲೆಯ ಮುಚ್ಚಳದ ಮುಕ್ಕಾಲು ಭಾಗವನ್ನು ಮುಚ್ಚಿ, ಹಾಸಿನ ಅಡಿಪದರಕ್ಕೆ ನೀರು ಎರೆಯುತ್ತಾರೆ. ತೇವ ಹೆಚ್ಚಿಸಿ ಬಿಸಿ ಮರೆತರೆ ಇನ್ನೊಂದು ಅಪಾಯ: ತಣ್ಣನೆಯ ತೇವದಲ್ಲಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಹಾವಿಗೆ ವಪೆ ಇಲ್ಲ, ನಮ್ಮಂತೆ ಕೆಮ್ಮಿ ಕಫ ಹೊರಹಾಕಲಾರದು. ಬಾಯಿ ತೆರೆದು ಉಸಿರೆಳೆಯುವುದು, ಮೂಗಿನಲ್ಲಿ ಗುಳ್ಳೆ ಬರುವುದು ಕಂಡರೆ ತಡಮಾಡದೆ ವೈದ್ಯರ ಹತ್ತಿರ ಒಯ್ಯಬೇಕು.

*

ಬಿಸಿಗೆಂದು ರಾತ್ರಿ ಕೆಂಪು ಬಲ್ಬು ಉರಿಸುವ ರೂಢಿ ಕೆಲವು ಕಡೆ ಉಂಟು. ಈ ಮನೆಯಲ್ಲಿ ಇಲ್ಲ. ರಾತ್ರಿ ಎಂದರೆ ಕತ್ತಲೆ.

*

ಹಿಮಗಾಳಿಗೆ ಕರೆಂಟು ಹೋದರೆ? ಅಳಿಯನ ಬಳಿ ಉತ್ತರ ತಯಾರಿದೆ: ಟ್ಯಾಂಕಿಗೆ ಕಂಬಳಿ ಹೊದಿಸುವುದು, ಬಿಸಿನೀರಿನ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಒಂದು ತುದಿಯಲ್ಲಿಡುವುದು, ಕರೆಂಟು ಬಂದು ಟ್ಯಾಂಕು ಮತ್ತೆ ಬಿಸಿಯಾಗುವ ತನಕ ಇಲಿ ಕೊಡದಿರುವುದು. ಒಂದು ರಾತ್ರಿಯ ತಂಪನ್ನು ಹೊಟ್ಟೆ ಖಾಲಿ ಇರುವ ಹಾವು ತಡೆದುಕೊಳ್ಳುತ್ತದೆ, ಹೊಟ್ಟೆ ತುಂಬಿದ್ದಕ್ಕೆ ಕಷ್ಟ.

*

ನಮ್ಮ ಕಡೆಯ ಹಾವುಗಳು ನೆನಪಾಗುತ್ತಿವೆ. ಆಗುಂಬೆಯ ಕಾಡಿನಲ್ಲಿ ಕಾಳಿಂಗದ ಹೆಣ್ಣು ಮೈಯಿಂದಲೇ ತರಗೆಲೆ ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಇಡುತ್ತದೆ. ಕೊಳೆಯುವ ಎಲೆ ಬೆಚ್ಚಗಿಡುತ್ತದೆ, ಎಲೆಯ ಪದರ ಮಳೆಯನ್ನು ತಡೆಯುತ್ತದೆ.

ನಮ್ಮ ಹೆಬ್ಬಾವಿನದು ಇನ್ನೂ ಸೋಜಿಗ. ಮೊಟ್ಟೆಗಳನ್ನು ಸುತ್ತಿಕೊಂಡ ತಾಯಿಯ ಮೈ ಬಿಸಿಯಾಗಿರುತ್ತದೆಂದು ಲಮಾರ್-ಪಿಕೊ ಎಂಬ ಫ್ರೆಂಚ್ ಪ್ರವಾಸಿ ಭಾರತದಲ್ಲಿ ಕಂಡು 1832ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರಿಗೆ ತಿಳಿಸಿದ, ಅವರು ನಂಬಲಿಲ್ಲ. 1841ರಲ್ಲಿ ಅದೇ ಪ್ಯಾರಿಸ್ಸಿನ ಪ್ರಾಣಿಸಂಗ್ರಹಾಲಯದಲ್ಲಿ ವ್ಯಾಲೆನ್ಸಿಯೆನ್ ಎಂಬ ವಿಜ್ಞಾನಿ ಉಷ್ಣಮಾಪಕ ಇಟ್ಟು ಅಳೆದಾಗ ಮಾತು ನಿಜವಾಯಿತು. 1966ರಲ್ಲಿ ಅಮೆರಿಕದ ಸಂಶೋಧಕರು ಕಾರಣ ತೋರಿಸಿದರು: ಸುತ್ತ ತಣ್ಣಗಾದಷ್ಟೂ ತಾಯಿ ಸ್ನಾಯುಗಳನ್ನು ಹೆಚ್ಚುಹೆಚ್ಚಾಗಿ ಅದುರಿಸಿ ಶಾಖ ಹುಟ್ಟಿಸುತ್ತದೆ. ವಾರಗಟ್ಟಲೆ ಉಣ್ಣದೆ ನಡುಗುತ್ತ ಕೂತು ಮೊಟ್ಟೆ ಕಾಯುವ ಆ ತಾಯಿಯನ್ನು ‘ಶೀತರಕ್ತ’ದ ಸಾಲಿಗೆ ಹೇಗೆ ಸೇರಿಸುವುದು?

ಈ ನಮ್ಮ ಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಅದು ಸರಿಯೇ. ಮುದ್ದೆಯಂಥ ಹೊರದೇಶದ್ದನ್ನು ಭಾರತದಲ್ಲಿ ಸಾಕುವವರು ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಚೀಲಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ, ಸತ್ತ 6 ಕಪುಚಿನ್ ಕೋತಿಗಳು ಸಿಕ್ಕಿದ್ದವು. ಆಗ ಸುದ್ದಿ ಓದಿ ಪುಟ ತಿರುವಿದ್ದೆ. ಈಗ ಆ ಚೀಲದೊಳಗೆ ಬಿಸಿ ತುದಿ ಯಾವುದು, ತಂಪು ತುದಿ ಯಾವುದು ಎಂದು ಮನಸ್ಸು ಕೇಳುತ್ತಿದೆ, ಸಂಕಟವಾಗುತ್ತದೆ.

*

ಮುದ್ದೆ ಉಣ್ಣುತ್ತಿಲ್ಲ. ಸತ್ತ ಇಲಿಯನ್ನು ಬಿಸಿನೀರಿನಲ್ಲಿಟ್ಟು ಜೀವಂತ ಮೈಯಷ್ಟು ಬೆಚ್ಚಗೆ ಮಾಡಿ, ಚಿಮಟದಲ್ಲಿ ಹಿಡಿದು ತೋರಿಸಿದರೂ ಮುಖ ತಿರುಗಿಸಿದ. ತಂಪು ತುದಿಯ ಗೂಡಿನಲ್ಲೇ ಇದ್ದಾನೆ. ಈ ಜಾತಿಯ ಗಂಡುಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸವಿರುವುದುಂಟು. ಆದರೂ ಮೊಮ್ಮಗಳ ಮುಖ ಸಣ್ಣದಾಗಿದೆ.

ಕಾಯಿಲೆಯಾದರೆ? ಮಿಶಿಗನ್‌ನಲ್ಲಿ ಕ್ಲೂಗರ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಮರುಭೂಮಿಯ ಇಗ್ವಾನಾಗಳ ಮೇಲೆ ಮಾಡಿದ ಪ್ರಯೋಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೋಂಕು ತಗಲಿದವು ಬಿಸಿ ಜಾಗಕ್ಕೆ ಸರಿದು ಮೈಬಿಸಿಯನ್ನು ಸುಮಾರು 2 ಡಿಗ್ರಿ ಏರಿಸಿಕೊಂಡವು. ನಡೆದು ಹೋಗಿ ಜ್ವರ ಬರಿಸಿಕೊಂಡವು ಎನ್ನಬೇಕು. 34 ಡಿಗ್ರಿಯಲ್ಲೇ ಇರಿಸಿದವುಗಳಿಗಿಂತ 40, 42ರಲ್ಲಿ ಇರಿಸಿದವು ಹೆಚ್ಚು ಬದುಕಿದವು. ಇಗ್ವಾನಾದ ಮಾತು ಹಾವಿಗೆ ಪೂರ್ತಿ ಒಪ್ಪಲೇಬೇಕೆಂದಿಲ್ಲ. ಆದರೆ ಇದು ಹಾವಿಗೂ ನಿಜವಾದರೆ, ತಂಪಿನಲ್ಲಿ ನೆಮ್ಮದಿಯಾಗಿ ಮಲಗಿರುವುದು ಒಳ್ಳೆಯ ಲಕ್ಷಣ.

ಅಡುಗೆಮನೆಯ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ತೂಗಿದೆವು: 1,420 ಗ್ರಾಂ. ಹೋದ ತಿಂಗಳು 1,436 ಇತ್ತೆಂದು ಅವಳ ಪಟ್ಟಿಯಲ್ಲಿದೆ. ನೂರಕ್ಕೆ ಹತ್ತರಷ್ಟು ಇಳಿದರೆ ವೈದ್ಯರಿಗೆ ತೋರಿಸುವುದೆಂದು ತೀರ್ಮಾನ. ಅಂದರೆ 1,290ರ ಹತ್ತಿರ. ಅಲ್ಲಿಯವರೆಗೆ ಪಟ್ಟಿಗೆ ಇನ್ನೊಂದು ಕಂಬಸಾಲು ಸೇರಿಸಿದ್ದೇವೆ. ಬೆಳಿಗ್ಗೆ, ಸಂಜೆ, ರಾತ್ರಿ ಬಿಸಿ ತುದಿಯ ಗಾಜು, ತಂಪು ತುದಿಯ ಹಾಸು, ಇವುಗಳ ಅಂಕಿಯ ಜೊತೆಗೆ ಆ ಹೊತ್ತಿಗೆ ಮುದ್ದೆ ಎಲ್ಲಿದ್ದ ಎಂಬುದು.